ಜವೆಗೋಧಿ ಕೇಳಲು ಬಂದ ಗ್ರಾಮಸೇವಕರು
ನಮ್ಮೂರ ಗ್ರಾಮಸೇವಕ ಪರಸಪ್ಪನವರ ಅಂಗಿಯ ಜೇಬಿನಲ್ಲಿ ಪೆನ್ನು ಇರಲಿ ಬಿಡಲಿ, ಗೋಧಿಯ ತೆನೆ ಇದ್ದೇ ಇರುತ್ತದೆ. ಮದುವೆಯೂಟದಲ್ಲಿ ಹುಗ್ಗಿ ಬಡಿಸಿದರೆ, ಇದು ಯಾವ ತಳಿಯ ಗೋಧಿ ಎಂದು ಕೇಳದೆ ಅವರು ತುತ್ತು ಎತ್ತುವುದಿಲ್ಲ. ಬಾಗೇವಾಡಿ ಬಸ್ಸಿನಲ್ಲಿ ಅವರ ಪಕ್ಕ ಕೂತವರು ಗೋಧಿಯ ಹತ್ತು ಸಾವಿರ ವರ್ಷದ ಚರಿತ್ರೆ ಕೇಳಿಯೇ ಇಳಿಯಬೇಕು: "ಅಡವಿ ಗೋಧಿ ಮಾಗಿದ ಕೂಡ್ಲೆ ಕಾಳು ಉದುರಿಸಿಬಿಡ್ತಿತ್ರಿ. ಉದುರಲಾರದ ತೆನಿ ನೋಡಿ ನೋಡಿ ಹಿರ್ಯಾರು ಬಿತ್ತಿದ್ರು, ಅದಕ್ಕ ಇವತ್ತು ನಮಗ ಚಪಾತಿ ಐತಿ." ಹೆಚ್ಚು ಇಳುವರಿಯ ಹೊಸ ಗಿಡ್ಡ ಗೋಧಿ ಬಂದಾಗ ಸೈಕಲ್ ಮೇಲೆ ಮನೆಮನೆಗೂ ಬೀಜ ಮುಟ್ಟಿಸಿದವರು ಅವರೇ. ಊರೆಲ್ಲ ಅದನ್ನೇ ಬಿತ್ತಿತು. ಮುದುಕಿ ಕಸ್ತೂರೆವ್ವ ಮಾತ್ರ, ಕುಟ್ಟದೆ ಸಿಪ್ಪೆ ಬಿಡದ ತನ್ನ ಜವೆಗೋಧಿಯನ್ನು ಬಿಡಲಿಲ್ಲ. ಎಪ್ಪತ್ತಾರನೇ ಇಸವಿಯ ಚಳಿಗಾಲದಲ್ಲಿ ಭಂಡಾರ ರೋಗ, ಅಂದರೆ ತುಕ್ಕುರೋಗ ಬಿದ್ದು, ಗಿಡ್ಡ ಗೋಧಿಯ ಎಲೆಗಳಿಗೆಲ್ಲ ಕೆಂಪು ಪುಡಿ ಮೆತ್ತಿ ಕಾಳು ಜೊಳ್ಳಾಯಿತು. ಮುದುಕಿಯ ಹೊಲಕ್ಕೆ ಏನೂ ಆಗಲಿಲ್ಲ. ಪರಸಪ್ಪನವರು ವರ್ಗ ಮಾಡಿಸಿಕೊಂಡು ಹೋಗಬಹುದಿತ್ತು, ಹೋಗಲಿಲ್ಲ. ಬೀಜ ಕೊಟ್ಟ ಒಂದೊಂದು ಮನೆಯ ಮುಂದೆಯೂ ನಿಂತು, "ತಪ್ಪು ನಂದ್ರಿ" ಎಂದರು. ಕೊನೆಗೆ ಕಸ್ತೂರೆವ್ವನ ಬಾಗಿಲಿಗೆ ಬಂದು ಕೈಮುಗಿದರು. "ಅವ್ವಾ, ಊರಿಗೆ ಬೀಜಕ್ಕ ನಿಮ್ಮ ಜವಿ ಬೇಕ್ರಿ." ಮುದುಕಿ ಅವರನ್ನೇ ನೋಡಿದಳು. "ಹಳೇ ಗೋಧಿ ಅಂತ ನಕ್ಕಿದ್ದೆಲ್ಲೋ ತಮ್ಮಾ?" "ಹೌದ್ರಿ ಅವ್ವಾ. ಆಗ ನಾ ಹೊಸಾಂವ ಇದ್ನಿ." ಕಸ್ತೂರೆವ್ವ ಒಳಗೆ ಹೋಗಿ, ಬೀಜಕ್ಕೆಂದು ತೆಗೆದಿಟ್ಟ ಚೀಲಗಳ ಬಾಯಿ ಬಿಚ್ಚಿದಳು.