ಅಂಗಳಕ್ಕೆ ಬಂದ ಅಂಟಾರ್ಕ್ಟಿಕಾ

ನಾನು ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಕೂತ ವರ್ಷ ಹಾನಗಲ್ಲಿನ ನಮ್ಮ ಮನೆಯಲ್ಲಿ ಅದಕ್ಕಾಗಿ ಓದಿದವರು ಇಬ್ಬರು, ನಾನು ಮತ್ತು ನನ್ನ ಅತ್ತೆ. ಅತ್ತೆ ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವರು. ಆದರೆ ನಾನು ಗಟ್ಟಿಯಾಗಿ ಬಾಯಿಪಾಠ ಮಾಡುವುದನ್ನೆಲ್ಲ ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಳ್ಳುತ್ತಿದ್ದರು.

ಅಂಟಾರ್ಕ್ಟಿಕಾ ಒಂದು ಮಾತ್ರ ನನ್ನ ತಲೆಗೆ ಹತ್ತಲಿಲ್ಲ. ಅದರ ಸುತ್ತಲಿನ ಸಮುದ್ರಗಳು ದಿನಕ್ಕೊಂದು ಕಡೆ ಜಾಗ ಬದಲಿಸುತ್ತಿದ್ದವು. ಒಂದು ಬೆಳಗ್ಗೆ ರಾಸ್ ಸಮುದ್ರವನ್ನು ಮತ್ತೆ ವೆಡೆಲ್ ಸಮುದ್ರದ ಜಾಗದಲ್ಲಿಟ್ಟು, ಪುಸ್ತಕ ಮುಚ್ಚಿ ಅತ್ತೇಬಿಟ್ಟೆ.

ಅತ್ತೆ ಕೈ ಒರೆಸಿಕೊಳ್ಳುತ್ತ ಬಂದರು. "ಆ ನಕಾಶಿ ತೋರಸು. ಅಂಗಳದಾಗ ಬರದ ಕೊಡ್ತೇನಿ. ನೀ ಅಡ್ಡಾಡಿ ಕಲಿ."

ಸಗಣಿ ಸಾರಿಸಿದ ನೆಲದ ಮೇಲೆ ಬಿಳಿ ರಂಗೋಲಿಯ ಖಂಡ ಮೂಡಿತು. ಎಡಗಡೆ ಮೇಲ್ಮೂಲೆಯಲ್ಲಿ ಉದ್ದ ಬಾಲದಂತೆ ಪರ್ಯಾಯ ದ್ವೀಪ. ನಡುವಿನ ಪರ್ವತಸಾಲಿಗೆ ಸಣ್ಣ ಸಣ್ಣ ಕಲ್ಲು ಜೋಡಿಸಿದರು. ಬಲಕ್ಕಿರುವುದು ಪೂರ್ವ ಅಂಟಾರ್ಕ್ಟಿಕಾ, ಎಡಕ್ಕಿರುವುದು ಪಶ್ಚಿಮ ಎಂದು ನಾನು ಹೇಳಿದೆ.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಪೂರ್ವದವರಿಗೆ ಇಷ್ಟ ದೊಡ್ಡ ಪಾಲು ಕೊಟ್ಟಾರಲ್ಲ, ಯಾರ ಹಂಚಿದ್ದು?"

ಅಳು ಎಲ್ಲಿ ಹೋಯಿತೋ, ನಗು ತಡೆಯಲಾಗಲಿಲ್ಲ. ಅಂದಿನಿಂದ ದಿನಾ ಬೆಳಗ್ಗೆ ಆ ರಂಗೋಲಿಯ ಸುತ್ತ ನಡೆದೆ. ಬಾಲದ ಬಲಕ್ಕೆ ವೆಡೆಲ್. ಎಡಕ್ಕೆ ಬೆಲ್ಲಿಂಗ್ಸ್‌ಹೌಸೆನ್, ಅದನ್ನು ದಾಟಿದರೆ ಅಮುಂಡ್ಸೆನ್, ಕೆಳಗೆ ಬಂದರೆ ರಾಸ್. ತಪ್ಪಿದರೆ ಅತ್ತೆ ಕಟ್ಟೆಯ ಮೇಲಿಂದಲೇ "ಹಿಂದಕ್ಕ ಹೋಗು!" ಎನ್ನುತ್ತಿದ್ದರು.

ಹಾಲು ಕೊಡುವ ಹೆಂಗಸು ಮೊದಲ ದಿನ ಗಾಬರಿಯಾಗಿ ನಿಂತುಬಿಟ್ಟಳು. "ಎಲ್ಲಿ ಕಾಲಿಡ್ಲಿರೀ ಅಕ್ಕಾರ?"

"ವೆಡೆಲ್ ಸಮುದ್ರದಾಗ ನಿಂದ್ರವಾ. ಬರ್ಫ ತುಳೀಬ್ಯಾಡ," ಎಂದರು ಅತ್ತೆ.

ವಾರ ಕಳೆಯುವುದರೊಳಗೆ ಅವಳೂ ಕಲಿತಳು. "ಇವತ್ತ ಅಮುಂಡ್ಸೆನ್ ಹಾದು ಬಂದೇನಿ ನೋಡ್ರಿ," ಎಂದು ಕ್ಯಾನು ಇಳಿಸುತ್ತಿದ್ದಳು.

ಹಾವೇರಿಯಲ್ಲಿ ಪರೀಕ್ಷೆ ನಡೆಯಿತು. ರಾಸ್ ಸಮುದ್ರದ ಮೇಲೆ ಒಂದು ಪ್ರಶ್ನೆ ಬಂದಿತ್ತು. ಅದನ್ನು ಓದಿ ನಾನೊಬ್ಬಳೇ ನಕ್ಕಿದ್ದಕ್ಕೆ ಮೇಲ್ವಿಚಾರಕರು ನನ್ನ ಡೆಸ್ಕಿನ ಹತ್ತಿರ ಬಂದು ನಿಂತರು.

ಕೆಲಸ ಸಿಕ್ಕಿತು, ಶಿಗ್ಗಾವಿ ಕಡೆಯ ಒಂದು ಹೈಸ್ಕೂಲಿನಲ್ಲಿ. ಆದೇಶ ಪತ್ರ ಕೈಗೆ ಬಂದ ದಿನ ಗರಿಗರಿಯಾದ ಸವಣೂರ ಖಾರದ ದೊಡ್ಡ ಪೊಟ್ಟಣ ತಂದೆ. ಹಾಲಿನವಳನ್ನೂ ಕರೆದು ಮೂವರೂ ಕಟ್ಟೆಯ ಮೇಲೆ ಕುಳಿತು ತಿಂದೆವು. ನನಗಿಂತ ಅತ್ತೆಯ ಮುಖವೇ ಹೆಚ್ಚು ಅರಳಿತ್ತು.

"ಇನ್ನ ಉತ್ತರ ಧ್ರುವದ್ದು ತಗಿ. ಅದನ್ನೂ ಬರದ ಬಿಡ್ತೇನಿ," ಎಂದರು.

"ಅಲ್ಲಿ ನೆಲಾನ ಇಲ್ಲರೀ ಅತ್ತಿ. ಬರೇ ಹೆಪ್ಪುಗಟ್ಟಿದ ಸಮುದ್ರ."

ಬಾಯಿಗೆ ಹೊರಟಿದ್ದ ಖಾರ ಅರ್ಧದಲ್ಲೇ ನಿಂತಿತು. ಅತ್ತೆ ಹಾಲಿನವಳ ಕಡೆ ತಿರುಗಿ, "ಹಂಗಾರ ನಾಳೆ ನೀ ಎಲ್ಲಿ ಬೇಕಾದ್ರೂ ನಿಂದ್ರವಾ," ಎಂದರು.