ಗೊತ್ತು, ಗೊತ್ತಾಗಲ್ಲ

ಅವಳನ್ನು ಎಲ್ಲರೂ ಮೂಗಕ್ಕ ಅಂತಿದ್ದರು. ಮೂಗಿ ಅಂದುಕೊಳ್ಳಬೇಡಿ, ಬಾಯಿ ತೆಗೆದರೆ ಸೂಪರ್‌ವೈಸರ್‌ಗೇ ಬೆವರಿಳಿಯುತ್ತಿತ್ತು. ಚಪ್ಪಲಿ ಕಾರ್ಖಾನೆಯ ಅಂಟಿನ ಹಾಲ್‌ನಲ್ಲಿ ಹದಿನೇಳು ವರ್ಷ ಅಟ್ಟೆಗೆ ಅಂಟು ಬಳಿದವಳು. ಡಬ್ಬದ ಮುಚ್ಚಳ ತೆಗೆದರೆ ಸಾಕು, ಬಾಗಿಲಲ್ಲೇ ನಿಂತು, "ಇದು ಕೆಟ್ಟಿದೆ ಕಣ್ರೋ, ನಾಳೆ ಅಟ್ಟೆ ಬಾಯಿ ಬಿಡುತ್ತೆ" ಅನ್ನುತ್ತಿದ್ದಳು. ಬಿಡುತ್ತಿತ್ತು. ಆ ಮೂಗಿನಿಂದ ಮಾಲೀಕ ಉದ್ಧಾರವಾದ. ಅವನ ಅಂಟು ಆ ಮೂಗನ್ನೇ ತಿಂದುಹಾಕಿತು.

ಅದು ಗೊತ್ತಾಗಿದ್ದು ಮನೆಯಲ್ಲಿ. ಹಾಲು ಸೀದು ಪಾತ್ರೆ ಕರಕಲಾಗಿ ಪಕ್ಕದ ಮನೆಯವರು ಓಡಿ ಬಂದರೆ, ಇವಳು ಒಲೆಗೆ ಬೆನ್ನು ಹಾಕಿ ಕೂತು ಮೊಮ್ಮಗಳಿಗೆ ಜಡೆ ಹೆಣೆಯುತ್ತಿದ್ದಳು.

ಕಾರ್ಮಿಕರ ಸಂಘದಿಂದ ಅರ್ಜಿ ಹಾಕಿದೆವು. ಮೂಗು ಸತ್ತವಳಿಗೆ ಅಂಟಿನ ಆವಿ ಏರಿದ್ದು ತಿಳಿಯುವುದಿಲ್ಲ, ತಲೆ ತಿರುಗಿ ಬಿದ್ದ ಮೇಲೇ ತಿಳಿಯೋದು. ಪ್ಯಾಕಿಂಗ್‌ಗೆ ಹಾಕಿ ಅಂತ. ಕಂಪನಿ ತನ್ನ ಮೆಡಿಕಲ್ ಬೋರ್ಡಿಗೆ ಕರೆಸಿತು. ಜೊತೆಗೆ ಹೋದವನು ನಾನು. "ಕೇಳಿದ್ದಕ್ಕೆ ನಿಜ ಹೇಳು, ಸಾಕು" ಅಂದಿದ್ದೆ. ದಡ್ಡ ನಾನು.

ಮೂಸಿ ನೋಡು ಅಂತ ಒಂದು ಸೀಸೆಯನ್ನೂ ಯಾರೂ ಕೊಡಲಿಲ್ಲ. ಮೇಜಿನ ಮೇಲೆ ಒಂದು ಫಾರಂ, ಅಷ್ಟೇ.

"ಸೀಮೆಎಣ್ಣೆ ವಾಸನೆ ಗೊತ್ತಾ?" ಡಾಕ್ಟರು ಕೇಳಿದರು.

"ಗೊತ್ತು ಸಾರ್. ಗಂಟಲು ಹಿಡಿಯುತ್ತೆ. ಕೈಗೆ ಹತ್ತಿದ್ರೆ ಸೋಪು ಸವೆದ್ರೂ ಹೋಗಲ್ಲ."

"ಬೆಳ್ಳುಳ್ಳಿ?"

"ಹಸೀದಾದ್ರೆ ಘಾಟು, ಬಾಡಿಸಿದ್ರೆ ಹಸಿವು. ಆದ್ರೆ ಈಗ ಗೊತ್ತಾಗಲ್ಲ ಸಾರ್."

ಗುಮಾಸ್ತ ಪೆನ್ನು ಎತ್ತಿದ. "ಗೊತ್ತು ಅಂತೀಯಾ, ಗೊತ್ತಾಗಲ್ಲ ಅಂತೀಯಾ. ಒಂದು ಹೇಳಮ್ಮ. ಇಲ್ಲಿರೋದು ಒಂದೇ ಖಾನೆ."

ಖಾನೆಯಲ್ಲಿ "ಗೊತ್ತು" ಅಂತ ಬಿತ್ತು. ಕೆಳಗೆ ಬೋರ್ಡಿನ ತೀರ್ಪು: ವಾಸನೆ ಬಲ್ಲರು, ಹಳೆಯ ಕೆಲಸಕ್ಕೆ ಯೋಗ್ಯರು.

ಸರ್ಕಾರಿ ಆಸ್ಪತ್ರೆಯ ಮಿದುಳಿನ ಡಾಕ್ಟರಮ್ಮನ ಹತ್ತಿರ ಹೋದೆವು. ಆಕೆ ಬಿಡಿಸಿ ಹೇಳಿದರು: "ಬೆಳ್ಳುಳ್ಳಿ ಅನ್ನೋದು ಬರೀ ಮಾತಲ್ಲ. ನೋಡಿದ್ದು, ಸುಲಿದದ್ದು, ಮೂಸಿದ್ದು ಎಲ್ಲಾ ಸೇರಿ ತಲೇಲಿ ಕೂತಿರುತ್ತೆ. ಹೆಸರು ಕೇಳಿದ್ರೆ ವಾಸನೆಯ ಜಾಗವೂ ಮಿಸುಕುತ್ತೆ. ಮೂಗು ಕೆಟ್ಟ ಮಾತ್ರಕ್ಕೆ ಅದು ಅಳಿಸಿಹೋಗಲ್ಲ." ಅದನ್ನೇ ಬರೆದೂ ಕೊಟ್ಟರು. ಬೋರ್ಡು ಇನ್ನೊಮ್ಮೆ ಕರೆಯಿತು.

ಈ ಸಲ ನಾನು ಪಾಠ ಹೇಳಿದೆ. "ಏನು ಕೇಳಿದ್ರೂ ಗೊತ್ತಿಲ್ಲ ಅನ್ನು."

ಸಿಡಿದಳು. "ಅಲ್ಲಣ್ಣ, ಮೂಗಂತೂ ಹೋಯ್ತು. ತಲೇಲಿರೋದನ್ನೂ ಇಲ್ಲ ಅನ್ನಲಾ? ಮೊಮ್ಮಗಳ ನೆತ್ತಿ ಮೂಸಿದ್ರೆ ಈಗ ಬರೀ ಗಾಳಿ. ಹೇಗಿತ್ತು ಅನ್ನೋದೊಂದೇ ಉಳಿದಿರೋದು ನಂಗೆ. ಅದನ್ನೂ ಆ ಬೋಳೀಮಕ್ಕಳಿಗೆ ಬಿಟ್ಟುಕೊಡಬೇಕಾ?"



ಡಾಕ್ಟರಮ್ಮನ ಕಾಗದವನ್ನು ಮಡಿಕೆ ಸಹ ಬಿಚ್ಚದೆ ಫೈಲಿಗೆ ಸೇರಿಸಿದರು. ಅದೇ ಪ್ರಶ್ನೆ. ಅವಳು ನನ್ನ ಕಡೆ ತಿರುಗಿಯೂ ನೋಡದೆ "ಗೊತ್ತು" ಅಂದಳು. ಮುಂದಿನ ಮಾತು ಬಾಯಿಂದ ಬೀಳುವ ಮೊದಲೇ ಗುಮಾಸ್ತ ಬರೆದು ಮುಗಿಸಿದ್ದ. ಅವರವರ ಮೂಗಿನ ನೇರಕ್ಕೆ ಅವರವರು ಬರೆಯುತ್ತಾರೆ. ಅವಳ ಮೂಗಿನ ಹತ್ತಿರಕ್ಕೆ ಒಬ್ಬನೂ ಬರಲಿಲ್ಲ.

ಸೋಮವಾರ ಮತ್ತೆ ಅಂಟಿನ ಹಾಲ್. ಹನ್ನೊಂದರ ಹೊತ್ತಿಗೆ ಗಾಳಿ ಎಳೆಯುವ ಫ್ಯಾನು ನಿಂತಿತು. ಆವಿ ಕಟ್ಟಿ, ಎಲ್ಲರೂ ಸೆರಗು, ಕರವಸ್ತ್ರ ಮುಖಕ್ಕೆ ಒತ್ತಿಕೊಂಡು ಅಂಗಳಕ್ಕೆ ಓಡಿದರು. ತಲೆ ಎಣಿಸಿದರೆ ಒಂದು ಕಡಿಮೆ. ಒಬ್ಬಳು ಉಸಿರು ಬಿಗಿಹಿಡಿದು ಒಳಗೆ ನುಗ್ಗಿದಳು. ಮೂಗಕ್ಕ ತಲೆ ಬಗ್ಗಿಸಿ ಅಟ್ಟೆಗೆ ಅಂಟು ಬಳಿಯುತ್ತಲೇ ಇದ್ದಳು. ತೋಳು ಹಿಡಿದು ಎಳೆದರೆ, ಬ್ರಷ್ ಕೈಯಲ್ಲೇ ಇತ್ತು.

"ಯಾಕೇ," ಅಂದಳು, "ಊಟದ ಗಂಟೆ ಹೊಡೀತಾ?"