ನೀನು ಇನ್ನೂ ಒಳಗೆ ಹೋಗಿರಲಿಲ್ಲ

ಸುನಂದಾ, ಅಂದು ನಿನ್ನ ಅಣ್ಣನಿಗೆ ನಾನು ಸುಳ್ಳು ಹೇಳಿದೆ. ಹನ್ನೊಂದು ವರ್ಷ ನಿನಗೂ ಅದೇ ಸುಳ್ಳನ್ನು ಹೇಳುತ್ತ ಬಂದೆ. ಫೋನ್ ಬಂದಾಗ ನೀನು ವೈವಾಕ್ಕೆ ಒಳಗೆ ಹೋಗಿರಲಿಲ್ಲ. ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ, ಕೂಲರಿನ ಬಳಿ ನೀರು ಕುಡಿಯುತ್ತಿದ್ದೆ.

ನಮ್ಮ ವಿಭಾಗದ ರೂಢಿ ನಿನಗೆ ನೆನಪಿದೆಯಲ್ಲ — ಪಿಎಚ್.ಡಿ. ವೈವಾಕ್ಕೆ ಹೋಗುವವರು ಫೋನನ್ನು ಗೆಳೆಯರ ಕೈಗೆ ಕೊಟ್ಟು ಹೋಗಬೇಕು. ನೀನು ನನಗೆ ಕೊಟ್ಟೆ. "ಅಪ್ಪಗ ಜ್ವರ ಇನ್ನೂ ಬಿಟ್ಟಿಲ್ಲ. ಹಾವೇರಿಯಿಂದ ಫೋನ್ ಬಂದ್ರ ಮೊದ್ಲು ನನಗ ಹೇಳು" ಎಂದೆ.

ಎರಡೇ ನಿಮಿಷಕ್ಕೆ ನಿನ್ನ ಅಣ್ಣನ ಫೋನ್ ಬಂತು.

"ಅಪ್ಪಾರು ಭಾಳ ಸೀರಿಯಸ್ ಅದಾರ್ರಿ. ಸುನಂದಾನ ಜೋಡಿ ಮಾತಾಡ್ಬೇಕಂತ ಹಟ ಹಿಡಿದಾರ, ಕೊಡ್ರಿ."

"ಈಗ ತಾನೇ ಒಳಗೆ ಹೋದಳು" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು!

"ಹಂಗಾರ ನೀವಽ ಹ್ಞೂಂ ಅಂದುಬಿಡ್ರಿ. ಮಗಳಽ ಅಂತ ತಿಳ್ಕೋತಾರ." ಅಣ್ಣ ಫೋನನ್ನು ಅಪ್ಪನ ಕಿವಿಗೆ ಹಿಡಿದ. ಅಪ್ಪ ಏನೋ ಕೇಳಿದರು. ನಾನು ಹ್ಞೂಂ ಎಂದೆ. ಅಷ್ಟರಲ್ಲಿ ನೀನು ಬಾಯೊರೆಸಿಕೊಂಡು, ನನ್ನತ್ತ ಕೈ ಬೀಸಿ ಒಳಗೆ ಹೋದೆ. ಹೊರಗೆ ಬರುವ ಹೊತ್ತಿಗೆ ಅಪ್ಪ ಇರಲಿಲ್ಲ.

ದೆಹಲಿಯ ಮುನಿರ್ಕಾದ ನಮ್ಮ ಕೋಣೆಯಲ್ಲಿ ಎಷ್ಟು ಜಗಳವಾಡಿದ್ದೆವು! ಹೆಚ್ಚು ಜನರಿಗೆ ಒಳಿತಾಗುವುದಾದರೆ ಸುಳ್ಳೂ ತಪ್ಪಲ್ಲ ಎಂದು ನಾನು; ಫಲ ಏನೇ ಇರಲಿ, ಸುಳ್ಳು ಸುಳ್ಳೇ ಎಂದು ನೀನು. ಆಮೇಲೆ ನನ್ನ ವಾದವನ್ನೇ ಹಿಡಿದು ಬದುಕಲು ನೋಡಿದೆ — ನಿನಗೆ ಪದವಿ ಬಂತು, ಧಾರವಾಡದಲ್ಲಿ ಕೆಲಸ ಸಿಕ್ಕಿತು, ಹೇಗಿದ್ದರೂ ದೆಹಲಿಯಿಂದ ಹೊರಟವಳು ಅಪ್ಪನ ಜೀವ ಇರುವಷ್ಟರಲ್ಲಿ ಊರು ಮುಟ್ಟುತ್ತಿರಲಿಲ್ಲ... ಆದರೆ ಊರು ಮುಟ್ಟುವ ಮಾತೆಲ್ಲಿತ್ತು? ಬೇಕಾಗಿದ್ದುದು ಹತ್ತು ಹೆಜ್ಜೆ. ನಿನ್ನ ಕರ್ತವ್ಯವಾದದಲ್ಲಂತೂ ನನಗೆ ನಿಲ್ಲಲೂ ಜಾಗವಿಲ್ಲ. ಇನ್ನು ಸದ್ಗುಣವಾದ — ಒಳ್ಳೆಯ ಮನುಷ್ಯರು ಈ ಹೊತ್ತಿನಲ್ಲಿ ಏನು ಮಾಡುತ್ತಿದ್ದರು ಎಂದು ಅದು ಕೇಳುತ್ತದೆ. ತರಗತಿಯಲ್ಲಿ ಆ ಪಾಠ ಬಂದಾಗ ಮಕ್ಕಳತ್ತ ನೋಡದೆ ಪುಸ್ತಕ ನೋಡಿ ಓದಿಬಿಡುತ್ತೇನೆ.

ನಿಜ ಹೇಳಲೇ? ಆಗ ಯಾವ ಸಿದ್ಧಾಂತವೂ ನನ್ನ ತಲೆಯಲ್ಲಿರಲಿಲ್ಲ. ಮಧ್ಯಾಹ್ನ ನನ್ನ ವೈವಾ ಇತ್ತು. ಹೊರಗಿನಿಂದ ಬಂದ ಪರೀಕ್ಷಕರು ಸಂಜೆಯ ವಿಮಾನಕ್ಕೆ ಹೊರಡುವವರು. ನೀನು ಅಳುತ್ತ ಏರ್‌ಪೋರ್ಟಿಗೆ ಓಡಿದ್ದರೆ ನಾನೂ ಜೊತೆಗೆ ಬರಬೇಕಿತ್ತು — ಅಷ್ಟೇ. ನಿನ್ನ ಒಳಿತು ಎಂಬುದೆಲ್ಲ ಆಮೇಲೆ ಕಟ್ಟಿಕೊಂಡ ಕಥೆ.

ಈಗ ಇಲ್ಲೇ ದೆಹಲಿಯ ಒಂದು ಕಾಲೇಜಿನಲ್ಲಿ ಮಕ್ಕಳಿಗೆ ನೀತಿಶಾಸ್ತ್ರ ಕಲಿಸುತ್ತೇನೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ಪ್ರತಿ ವರ್ಷ ಹೆಸರಿಲ್ಲದೆ ನಿನ್ನ ಕಥೆ ಹೇಳಿ, ಗೆಳತಿ ಮಾಡಿದ್ದು ಸರಿ ಎನ್ನುವವರು ಕೈ ಎತ್ತಿ ಎನ್ನುತ್ತೇನೆ. ಅರ್ಧಕ್ಕಿಂತ ಹೆಚ್ಚು ಕೈಗಳು ಏಳುತ್ತವೆ. ಆ ಕೈಗಳನ್ನು ನೆನೆಸಿಕೊಂಡೇ ಇನ್ನೊಂದು ವರ್ಷ ದೂಡುತ್ತೇನೆ. ಆ ಕಥೆಯಲ್ಲಿಯೂ — ಥೂ, ಅಲ್ಲಿಯೂ ನೀನು ಒಳಗೆ ಹೋಗಿಬಿಟ್ಟಿರುತ್ತೀಯ.

ಮೊನ್ನೆ ಒಬ್ಬ ಹುಡುಗಿ ಕೈ ಎತ್ತಲಿಲ್ಲ. "ಮ್ಯಾಮ್, ಅಪ್ಪ ಕೊನೆಗೆ ಏನು ಕೇಳಿದ್ರು ಅಂತ ಆಮೇಲಾದ್ರೂ ಅವಳಿಗೆ ಹೇಳಿದ್ರಾ?" ಎಂದು ಕೇಳಿದಳು. ನಾನು ಹಾಜರಿಯನ್ನೂ ಹಾಕದೆ ಎದ್ದು ಬಂದೆ.

ನೀನೂ ಅದನ್ನೇ ಕೇಳಿದ್ದೆ, ನನ್ನ ಎರಡೂ ಕೈ ಹಿಡಿದುಕೊಂಡು. ಸರಿಯಾಗಿ ಕೇಳಿಸಲಿಲ್ಲ ಎಂದಿದ್ದೆ. ಅದೂ ಸುಳ್ಳು. ಹೇಳಿದ್ದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು.

ಕ್ಷಮಿಸು ಎನ್ನಲು ನನಗೆ ಬಾಯಿಲ್ಲ. ನಿನಗೆ ಸೇರಬೇಕಾದ ಮಾತನ್ನು ನಿನಗೆ ಕೊಡುತ್ತಿದ್ದೇನೆ. "ಉಂಡೀ ಏನವ್ವಾ?" ಎಂದು ಕೇಳಿದರು, ಸುನಂದಾ. ನೀನು ಬೆಳಗಿನಿಂದ ಹೆದರಿಕೆಗೆ ನೀರು ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ. ನಾನು ಹ್ಞೂಂ ಎಂದೆ.